ಲಕ್ಷ್ಮಣರಾವ್ ಕಿರ್ಲೋಸ್ಕರ್

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ (ಜೂನ್ 20, 1869 – ಸೆಪ್ಟೆಂಬರ್ 26, 1956) ಭಾರತದ ಯಂತ್ರೋದ್ಯಮಕ್ಕೆ ತಳಹದಿ ಹಾಕಿದ ಮೊದಲ ತಲೆಮಾರಿನ ಉದ್ಯಮಿಗಳಲ್ಲಿ ಪ್ರಮುಖರು. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಇವರು ವಿದೇಶೀ ಬೈಸಿಕಲ್ಲುಗಳ ಮಾರಾಟದಿಂದ ವೃತ್ತಿಜೀವನವನ್ನು ಆರಂಭಿಸಿದರು. ಅನಂತರ ಅಮೆರಿಕದ ಗಾಳಿಯಂತ್ರಗಳ ಏಜೆಂಟರಾದರು. ಕೊನೆಗೆ ದಖ್ಖನ್ ಪ್ರಸ್ಥಭೂಮಿಯ ಎರೆಮಣ್ಣಿಗೆ ಒಗ್ಗುವ ಕಬ್ಬಿಣದ ನೇಗಿಲನ್ನು ತಾವೇ ತಯಾರಿಸಿ ಹೆಸರಾದರು. 'ಕಿರ್ಲೋಸ್ಕರ್ ಬ್ರದರ್ಸ್' ಸಂಸ್ಥೆಯ ಸ್ಥಾಪಕರೂ ಇಂದಿನ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಎಂಬ ಔದ್ಯೋಗಿಕ ಊರಿನ ನಿರ್ಮಾಪಕರೂ ಇವರೇ. ಪರದೇಶದ ಯಂತ್ರವನ್ನು ತಂದು ಮಾರುವುದಕ್ಕೂ ಅದನ್ನು ಇಲ್ಲಿಯ ನೆಲ, ಎತ್ತು ಮತ್ತು ರೈತನ ಅಗತ್ಯಕ್ಕೆ ಹೊಂದಿಸುವುದಕ್ಕೂ ಇರುವ ಅಂತರವನ್ನು ಇವರ ಜೀವನವು ಸ್ಪಷ್ಟವಾಗಿ ತೋರಿಸುತ್ತದೆ.

ಜನನ ಮತ್ತು ಮನೆತನ

ಲಕ್ಷ್ಮಣರಾಯರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಆಸಕ್ತರಾಗಿದ್ದರು. ಮನೆತನದ ಮೂಲ ಕೊಂಕಣ ಪ್ರದೇಶದ ಕಿರ್ಲೋಸಿ ಎಂಬ ಹಳ್ಳಿಯಾದ್ದರಿಂದ ಕಿರ್ಲೋಸ್ಕರ್ ಎಂಬ ಅಡ್ಡಹೆಸರು ಬಂದಿತು. ಮರಾಠಿ ಸಂಗೀತ ರಂಗಭೂಮಿಯ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರ್ (ಬಲವಂತ ಪಾಂಡುರಂಗ ಕಿರ್ಲೋಸ್ಕರ್, ಜನನ 1843) ಹುಟ್ಟಿದ್ದೂ ಇದೇ ಗುರ್ಲಹೊಸೂರಿನಲ್ಲಿ. ಹೀಗೆ ಕನ್ನಡ ಸೀಮೆಯ ಒಂದು ಹಳ್ಳಿ ನಾಟಕಕ್ಕೂ ಯಂತ್ರೋದ್ಯಮಕ್ಕೂ ಒಬ್ಬೊಬ್ಬ ಪ್ರವರ್ತಕರನ್ನು ಕೊಟ್ಟಿತು.

ಬಾಲ್ಯದಿಂದಲೂ ಲಕ್ಷ್ಮಣರಾಯರಿಗೆ ಶಾಲೆಯ ಪಾಠಗಳಿಗಿಂತ ಚಿತ್ರ ಬರೆಯುವುದರಲ್ಲಿ ಮತ್ತು ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿ ಹೆಚ್ಚು ಒಲವಿತ್ತು. ಸಾಂಪ್ರದಾಯಿಕ ಬ್ರಾಹ್ಮಣ ಕುಟುಂಬದ ಹುಡುಗನೊಬ್ಬ ಓದು ಮುಗಿಸಿ ಸರಕಾರಿ ಕಚೇರಿ ಸೇರುವುದು ಆ ಕಾಲದ ವಾಡಿಕೆ. ಕೈಕೆಲಸವನ್ನು ವೃತ್ತಿಯಾಗಿ ಆರಿಸಿಕೊಳ್ಳುವುದು ಗೌರವದ ದಾರಿ ಎಂದು ಯಾರೂ ಭಾವಿಸುತ್ತಿರಲಿಲ್ಲ. ಹಿರಿಯ ಅಣ್ಣ ರಾಮಚಂದ್ರರಾಯರ (ರಾಮುಅಣ್ಣ) ಬೆಂಬಲದಿಂದ ಲಕ್ಷ್ಮಣರಾಯರು ಚಿತ್ರಕಲೆ ಕಲಿಯಲು ಮುಂಬಯಿಗೆ ತೆರಳಿದರು.

ಮುಂಬಯಿಯಲ್ಲಿ ವಿದ್ಯಾಭ್ಯಾಸ ಮತ್ತು ಅಧ್ಯಾಪನ

1885ರ ಸುಮಾರಿಗೆ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಕಲಿಯುತ್ತಿರುವಾಗ ಅವರಿಗೆ ಭಾಗಶಃ ವರ್ಣಾಂಧತೆ ಇರುವುದು ತಿಳಿದುಬಂತು. ಬಣ್ಣಗಳ ಸೂಕ್ಷ್ಮ ಭೇದ ಕಣ್ಣಿಗೆ ಗೋಚರಿಸದ ಮೇಲೆ ವರ್ಣಚಿತ್ರಕಾರನಾಗುವ ಆಸೆಯನ್ನು ಕೈಬಿಡಬೇಕಾಯಿತು. ಆದರೆ ರೇಖೆಯ ಮೇಲಿನ ಹಿಡಿತ ಅವರಲ್ಲಿ ಉಳಿದಿತ್ತು. ಬಣ್ಣದ ಅಗತ್ಯವಿಲ್ಲದ ಯಂತ್ರಚಿತ್ರಣದ ಕಡೆಗೆ, ಅಂದರೆ ಯಂತ್ರದ ಭಾಗಗಳನ್ನು ಅಳತೆಗೆ ಸರಿಯಾಗಿ ಬರೆಯುವ ವಿದ್ಯೆಯ ಕಡೆಗೆ, ಅವರು ತಿರುಗಿದರು.

ಈ ವಿದ್ಯೆಯ ಬಲದಿಂದ ಅವರಿಗೆ ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರ ಕೆಲಸ ದೊರಕಿತು. 1887ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಆಗಿನ್ನೂ ಹೊಸದು. ವಿದ್ಯಾರ್ಥಿಗಳಿಗೆ ಯಂತ್ರಚಿತ್ರಣ ಕಲಿಸುತ್ತಲೇ ಅವರು ಅಲ್ಲಿಯ ಕಾರ್ಯಾಗಾರದಲ್ಲಿ ಉಗಿಯಂತ್ರ, ಲೇಥ್ ಮೊದಲಾದವುಗಳ ಕೆಲಸವನ್ನು ಸ್ವತಃ ಕಲಿತರು. ಯಂತ್ರಶಾಸ್ತ್ರದ ಪದವಿ ಅವರಲ್ಲಿರಲಿಲ್ಲ. ಇಂಗ್ಲೆಂಡ್ ಮತ್ತು ಅಮೆರಿಕದಿಂದ ಬರುತ್ತಿದ್ದ ಪುಸ್ತಕ, ತಾಂತ್ರಿಕ ಪತ್ರಿಕೆ ಹಾಗೂ ಕಂಪನಿಗಳ ಬೆಲೆಪಟ್ಟಿಗಳೇ ಅವರ ಪಠ್ಯವಾದವು.

ಕೆಲವು ವರ್ಷಗಳ ಸೇವೆಯ ಬಳಿಕ ಅವರಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಸಹೋದ್ಯೋಗಿಯೊಬ್ಬರಿಗೆ ಸಂದಿತು. ಪರರ ಚಾಕರಿಯಲ್ಲಿ ಯೋಗ್ಯತೆಗೆ ಬೆಲೆ ಇಲ್ಲವೆಂದು ಮನಗಂಡ ಲಕ್ಷ್ಮಣರಾಯರು ರಾಜೀನಾಮೆ ನೀಡಿ ಬೆಳಗಾವಿಗೆ ಮರಳಿದರು. ಅಷ್ಟರಲ್ಲಿ ಅಲ್ಲಿ ಅಣ್ಣತಮ್ಮಂದಿರ ವ್ಯಾಪಾರವೊಂದು ಬೇರೂರಿತ್ತು.

ಬೈಸಿಕಲ್ ವ್ಯಾಪಾರ

ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೆಚ್ಚುಕಡಿಮೆ ಸಮಗಾತ್ರದ ಎರಡು ಚಕ್ರಗಳೂ ಹಿಂದಿನ ಚಕ್ರಕ್ಕೆ ಸರಪಳಿಯೂ ಇರುವ ಬೈಸಿಕಲ್ಲನ್ನು ಹೊರತಂದರು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟಯರನ್ನು ರೂಪಿಸಿದರು. ಬೈಸಿಕಲ್ ಯುರೋಪಿನಲ್ಲಿಯೇ ಹೊಸದಾಗಿದ್ದ ಆ ದಿನಗಳಲ್ಲಿ ಮುಂಬಯಿಯ ಬೀದಿಯಲ್ಲಿ ಅದರ ಸವಾರಿಯನ್ನು ಕಂಡ ಲಕ್ಷ್ಮಣರಾಯರು ಅದರಲ್ಲಿ ವ್ಯಾಪಾರದ ಅವಕಾಶವನ್ನು ಗುರುತಿಸಿದರು. ಅವರು ಮುಂಬಯಿಯಲ್ಲಿ ಬೈಸಿಕಲ್ ಕೊಂಡು ಬೆಳಗಾವಿಗೆ ಕಳುಹಿಸುವುದು, ರಾಮುಅಣ್ಣ ಅದನ್ನು ಅಲ್ಲಿ ಮಾರುವುದು ಎಂದು ಏರ್ಪಾಡಾಯಿತು. 1888ರಲ್ಲಿ ಬೆಳಗಾವಿಯಲ್ಲಿ ತೆರೆದ ಈ ಅಂಗಡಿಯೇ ಕಿರ್ಲೋಸ್ಕರ್ ಉದ್ಯಮ ಸಮೂಹದ ಮೂಲ. ಅಂಗಡಿಯಿದ್ದ ಬೀದಿ ಇಂದಿಗೂ ಕಿರ್ಲೋಸ್ಕರ್ ರಸ್ತೆ ಎಂದೇ ಪರಿಚಿತ.

ಅಣ್ಣತಮ್ಮಂದಿರಿಗೆ ಕಾಲ ಅನುಕೂಲವಾಗಿತ್ತು. 1880ರ ದಶಕದ ಕೊನೆಯಲ್ಲಿ ದಕ್ಷಿಣ ಮರಾಠಾ ರೈಲ್ವೆಯು ಪುಣೆ, ಮೀರಜ್, ಬೆಳಗಾವಿಗಳನ್ನು ಜೋಡಿಸುತ್ತಿತ್ತು. ಬೆಳಗಾವಿಯಲ್ಲಿ ಸೇನೆಯ ದಂಡು ಇದ್ದುದರಿಂದ ಹೊಸ ಸರಕನ್ನು ಕೊಳ್ಳಬಲ್ಲ ಜನರೂ ಇದ್ದರು. ಆದರೆ ಬೈಸಿಕಲ್ ಮಾರುವುದು ಬಟ್ಟೆ, ಪಾತ್ರೆ ಮಾರಿದಂತಿರಲಿಲ್ಲ. ಕೊಂಡವನಿಗೆ ಅದನ್ನು ಓಡಿಸಲು ಬರುತ್ತಿರಲಿಲ್ಲ. ಕೆಟ್ಟರೆ ಸರಿಪಡಿಸುವವರು ಊರಿನಲ್ಲಿ ಇರಲಿಲ್ಲ. ಬಿಡಿಭಾಗ ಬೇಕಾದರೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕಿತ್ತು. ಆದ್ದರಿಂದ ಅಂಗಡಿಯಲ್ಲಿ 15 ರೂಪಾಯಿ ಶುಲ್ಕ ಪಡೆದು ಸವಾರಿ ಕಲಿಸಲಾಗುತ್ತಿತ್ತು. ದುರಸ್ತಿಯ ಕೆಲಸವೂ ಅಲ್ಲಿಯೇ ನಡೆಯುತ್ತಿತ್ತು. ಯಂತ್ರವನ್ನು ಮಾರಿದವನು ಅದರ ಬಳಕೆಯನ್ನು ಕಲಿಸಬೇಕು, ಮಾರಿದ ಮೇಲೆಯೂ ಅದರ ಹೊಣೆ ಹೊರಬೇಕು ಎಂಬ ಪಾಠವನ್ನು ಲಕ್ಷ್ಮಣರಾಯರು ಈ ಅಂಗಡಿಯಲ್ಲಿಯೇ ಕಲಿತರು. ಮುಂದೆ ನೇಗಿಲು ಮಾರುವಾಗ ಇದು ಅವರಿಗೆ ಬಹಳ ಉಪಯೋಗಕ್ಕೆ ಬಂತು.

ಏಜೆನ್ಸಿಯಿಂದ ತಯಾರಿಕೆಗೆ

ಬೈಸಿಕಲ್ಲಿನ ಬಳಿಕ ಕಿರ್ಲೋಸ್ಕರ್ ಸಹೋದರರು ಅಮೆರಿಕದ ಸ್ಯಾಮ್ಸನ್ ಗಾಳಿಯಂತ್ರಗಳ ಏಜೆನ್ಸಿಯನ್ನು ಪಡೆದರು. ಎತ್ತರದ ಕಬ್ಬಿಣದ ಗೋಪುರದ ತುದಿಯಲ್ಲಿ ರೆಕ್ಕೆಗಳಿರುವ ಈ ಯಂತ್ರಗಳು ಗಾಳಿಯ ಬಲದಿಂದ ಬಾವಿಯ ನೀರನ್ನು ಮೇಲಕ್ಕೆತ್ತುತ್ತಿದ್ದವು. ಅಮೆರಿಕದ ವಿಶಾಲ ಬಯಲುಗಳಲ್ಲಿ ಅವು ಸರ್ವೇಸಾಮಾನ್ಯವಾಗಿದ್ದವು. ಇಲ್ಲಿ ಅವುಗಳನ್ನು ನಿಲ್ಲಿಸಲು ಹೋದ ಲಕ್ಷ್ಮಣರಾಯರಿಗೆ ಬಾವಿಗಳ ಆಳ, ಗಾಳಿಯ ಋತುಮಾನ ಮತ್ತು ರೈತರ ಕೊಳ್ಳುವ ಶಕ್ತಿಯ ಪ್ರತ್ಯಕ್ಷ ಪರಿಚಯವಾಯಿತು. ಅಮೆರಿಕದ ದೊಡ್ಡ ಹಿಡುವಳಿದಾರನಿಗೆಂದು ಮಾಡಿದ ಯಂತ್ರವನ್ನು ಇಲ್ಲಿಯ ಸಣ್ಣ ರೈತನು ಕೊಳ್ಳುವುದು ಸುಲಭವಾಗಿರಲಿಲ್ಲ.

ಹಳ್ಳಿಗಳಲ್ಲಿ ತಿರುಗಾಡಿದಾಗ ರೈತನಿಗೆ ನಿಜವಾಗಿ ಬೇಕಾದದ್ದು ಏನೆಂಬುದು ಅವರಿಗೆ ಹೊಳೆಯತೊಡಗಿತು. ಜೋಳದ ಕಣಿಕೆಯನ್ನು ಇಡಿಯಾಗಿ ದನಗಳ ಮುಂದೆ ಹಾಕಿದರೆ ಎಲೆಯನ್ನು ತಿಂದು ದಂಟನ್ನು ತುಳಿದು ಕೆಡಿಸುತ್ತವೆ. ಸಣ್ಣದಾಗಿ ಕತ್ತರಿಸಿ ಹಾಕಿದರೆ ಎಲ್ಲವೂ ಹೊಟ್ಟೆಗೆ ಹೋಗುತ್ತದೆ. ಬರಗಾಲದಲ್ಲಿ ಈ ವ್ಯತ್ಯಾಸವು ಎತ್ತುಗಳನ್ನು ಉಳಿಸಿಕೊಳ್ಳುವ ಅಥವಾ ಮಾರುವ ಪ್ರಶ್ನೆಯಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ದಖ್ಖನ್ ಪ್ರದೇಶವು ಭೀಕರ ಕ್ಷಾಮಗಳನ್ನು ಕಂಡಿತ್ತು. ಈ ಹಿನ್ನೆಲೆಯಲ್ಲಿ 1901ರಲ್ಲಿ ಕೈಯಿಂದ ತಿರುಗಿಸುವ ಮೇವು ಕತ್ತರಿಸುವ ಯಂತ್ರವನ್ನು ಅವರು ತಯಾರಿಸಿದರು. ಕಿರ್ಲೋಸ್ಕರ್ ಹೆಸರಿನಲ್ಲಿ ಹೊರಬಂದ ಮೊದಲ ಯಂತ್ರ ಇದೇ. ಅಂಗಡಿಯು ಹೀಗೆ ಕಾರ್ಖಾನೆಯಾಗಿ ಮಾರ್ಪಟ್ಟಿತು.

ಕಬ್ಬಿಣದ ನೇಗಿಲು

1903ರ ಹೊತ್ತಿಗೆ ಲಕ್ಷ್ಮಣರಾಯರು ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣದ ನೇಗಿಲು ಅವರ ಶೋಧನೆಯಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ರಾನ್ಸಮ್ಸ್ ಮೊದಲಾದ ಕಂಪನಿಗಳ ನೇಗಿಲುಗಳು ಆಗಲೇ ಭಾರತಕ್ಕೆ ಬರುತ್ತಿದ್ದವು. ಅಂತಹ ನೇಗಿಲನ್ನು ಇಲ್ಲಿಯೇ ಎರಕಹೊಯ್ದು, ಇಲ್ಲಿಯ ರೈತನ ಮನೆಬಾಗಿಲಿಗೆ ಬಿಡಿಭಾಗಗಳೊಂದಿಗೆ ತಲುಪಿಸುವುದು ಅವರ ಗುರಿಯಾಗಿತ್ತು.

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗಳೂ ಅವುಗಳಿಗೆ ಹೊಂದಿಕೊಂಡ ಕೊಲ್ಲಾಪುರ, ಸಾಂಗಲಿ ಪ್ರದೇಶಗಳೂ ಕೃಷ್ಣಾ ಮತ್ತು ಅದರ ಉಪನದಿಗಳ ಬಯಲಿನಲ್ಲಿವೆ. ಭೋಜ ಗ್ರಾಮದ ಬಳಿ ಕೂಡುವ ದೂಧಗಂಗಾ, ವೇದಗಂಗಾ ನದಿಗಳ ದಡದಿಂದ ಹಿಡಿದು ಕೃಷ್ಣೆಯ ಎರಡೂ ಕಡೆ ಎರೆಭೂಮಿ ಹರಡಿದೆ. ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಕರಿಕೆ ಹುಲ್ಲಿನ ಬೇರುಗಳು ಅದರೊಳಗೆ ಆಳಕ್ಕಿಳಿದು ಹಬ್ಬುತ್ತವೆ. ಮರದ ನೇಗಿಲು ಮಣ್ಣನ್ನು ಗೀರಿ ಸಡಿಲಿಸುತ್ತದೆ, ಅದನ್ನು ಮಗುಚಿ ಹಾಕುವುದಿಲ್ಲ. ಕಬ್ಬಿಣದ ನೇಗಿಲಿನ ಬಾಗಿದ ಹಲಗೆಯು ಗುಳವು ಕೊಯ್ದ ಮಣ್ಣಿನ ಹೆಂಟೆಯನ್ನು ಎತ್ತಿ ತಲೆಕೆಳಗಾಗಿಸುತ್ತದೆ. ಇದರಿಂದ ಹುಲ್ಲಿನ ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ, ಮಳೆಯ ನೀರು ಆಳಕ್ಕೆ ಇಳಿಯುತ್ತದೆ. ಕಬ್ಬು, ತಂಬಾಕುಗಳಂತಹ ಬೆಳೆಗಳಿಗೆ ಆಳವಾದ ಉಳುಮೆಯ ಪ್ರಯೋಜನ ಬಹಳ.

ಆದರೂ ರೈತರು ನೇಗಿಲನ್ನು ಕೊಳ್ಳಲಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಇದನ್ನು ಮೂಢನಂಬಿಕೆಯ ಫಲವೆಂದಷ್ಟೇ ವಿವರಿಸುವುದು ರೂಢಿ. ಆದರೆ ರೈತನ ಹಿಂಜರಿಕೆಗೆ ಲೌಕಿಕ ಕಾರಣಗಳೂ ಇದ್ದವು. ಹಳ್ಳಿಯ ಬಡಿಗನೂ ಕಮ್ಮಾರನೂ ನೇಗಿಲನ್ನು ಮಾಡಿ, ರಿಪೇರಿ ಮಾಡಿ, ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಕಾಳಿನ ರೂಪದಲ್ಲಿ ಆಯ ಪಡೆಯುತ್ತಿದ್ದರು. ಕಬ್ಬಿಣದ ನೇಗಿಲಿಗೆ ನಗದು ಹಣ ಕೊಡಬೇಕಿತ್ತು. ಅದರ ಭಾರಕ್ಕೆ ಬಲವಾದ ಎತ್ತುಗಳು ಬೇಕಿದ್ದವು, ದೊಡ್ಡ ನೇಗಿಲಾದರೆ ಒಂದಕ್ಕಿಂತ ಹೆಚ್ಚು ಜೊತೆ ಬೇಕಿದ್ದವು. ಹದ ಬಂದ ಹೊಲದ ನಡುವೆ ಎರಕದ ಗುಳ ಮುರಿದರೆ ಊರಿನ ಕಮ್ಮಾರನ ಕುಲುಮೆಯಲ್ಲಿ ಅದು ಬೆಸೆಯುತ್ತಿರಲಿಲ್ಲ. ಉಳುಮೆಯ ದಿನಗಳು ಕಳೆದುಹೋದರೆ ಆ ವರ್ಷದ ಬೆಳೆಯೇ ಹೋದಂತೆ.

ಗುಳದ ಗುಣಮಟ್ಟವೇ ನೇಗಿಲಿನ ಭವಿಷ್ಯವನ್ನು ನಿರ್ಧರಿಸುವಂತಿತ್ತು. ಬೀಡುಕಬ್ಬಿಣದ ಗುಳ ಮೆತ್ತಗಾದರೆ ಬೇಗ ಸವೆಯುತ್ತದೆ, ಇಡೀ ಗುಳ ಗಡುಸಾದರೆ ಕಲ್ಲಿಗೆ ತಾಗಿ ಒಡೆಯುತ್ತದೆ. ಎರಕ ಹೊಯ್ಯುವಾಗ ಒಂದು ಮೈಯನ್ನು ಮಾತ್ರ ಬೇಗನೆ ತಣಿಸಿದರೆ ಆ ಮೈ ಗಡುಸಾಗಿಯೂ ಉಳಿದ ಭಾಗ ಮೆದುವಾಗಿಯೂ ಇರುತ್ತದೆ. ಮೆದುಭಾಗ ಮೊದಲು ಸವೆದು, ಗಡುಸಾದ ಅಂಚು ತಾನಾಗಿಯೇ ಹರಿತವಾಗಿ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ರಾಬರ್ಟ್ ರಾನ್ಸಮ್ 1803ರಲ್ಲಿಯೇ ಈ ಕ್ರಮಕ್ಕೆ ಹಕ್ಕುಪತ್ರ ಪಡೆದಿದ್ದರು. ಎರಕದ ಇಂತಹ ಸೂಕ್ಷ್ಮಗಳನ್ನು ವಿದೇಶೀ ಪತ್ರಿಕೆಗಳಿಂದಲೂ ತಮ್ಮದೇ ಪ್ರಯೋಗಗಳಿಂದಲೂ ಲಕ್ಷ್ಮಣರಾಯರು ಹಂತಹಂತವಾಗಿ ಕರಗತ ಮಾಡಿಕೊಂಡರು. ಹೊಲದಲ್ಲಿ ಉತ್ತು ತೋರಿಸುವುದು, ದೂರುಗಳನ್ನು ಕೇಳಿ ವಿನ್ಯಾಸವನ್ನು ತಿದ್ದುವುದು, ಬದಲಿ ಗುಳಗಳನ್ನು ಒದಗಿಸುವುದು ಅವರ ವ್ಯಾಪಾರದ ಕ್ರಮವಾಯಿತು. ಒಬ್ಬ ರೈತನ ಹೊಲದ ಫಸಲನ್ನು ಕಂಡು ಪಕ್ಕದವನು ಕೊಂಡನು. ಹೀಗೆ ನೇಗಿಲು ನಿಧಾನವಾಗಿ ಹರಡಿತು.

ಬೆಳಗಾವಿಯಿಂದ ನಿರ್ಗಮನ

ನೇಗಿಲಿಗೆ ಬೇಡಿಕೆ ಕುದುರುತ್ತಿದ್ದ ಕಾಲಕ್ಕೇ ಹೊಸ ಸಂಕಟ ಎದುರಾಯಿತು. ಬೆಳಗಾವಿ ನಗರದ ಹೊಸ ಬಡಾವಣೆಯ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವುಗೊಳಿಸಬೇಕೆಂದು ಪುರಸಭೆಯಿಂದ ಆದೇಶ ಬಂತು. ಸಾಲ ಮಾಡಿ ಕಟ್ಟಿದ ಕಟ್ಟಡ, ನೆಲಕ್ಕೆ ಬಿಗಿದ ಯಂತ್ರಗಳು, ನಂಬಿ ಬಂದ ಕೆಲಸಗಾರರು, ಎಲ್ಲರಿಗೂ ಒಮ್ಮೆಗೇ ನೆಲೆ ತಪ್ಪಿತು. ಲಕ್ಷ್ಮಣರಾಯರಿಗೆ ಆಗ ನಲವತ್ತರ ವಯಸ್ಸು.

ಅವರ ನೆರವಿಗೆ ಬಂದವರು ಔಂಧ ಸಂಸ್ಥಾನದ ಅರಸರಾದ ಭವಾನರಾವ್ ಶ್ರೀನಿವಾಸರಾವ್ ಪಂತ ಪ್ರತಿನಿಧಿ (ಬಾಳಾಸಾಹೇಬ). 1909ರಲ್ಲಿ ಪಟ್ಟಕ್ಕೆ ಬಂದ ಬಾಳಾಸಾಹೇಬರು ಸ್ವತಃ ಚಿತ್ರಕಾರರು, ಸೂರ್ಯನಮಸ್ಕಾರದ ಪ್ರಚಾರಕರು. ಕುಂಡಲ ರೋಡ್ ರೈಲು ನಿಲ್ದಾಣದ ಬಳಿ ಇದ್ದ 32 ಎಕರೆ ಬಂಜರು ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಅವರು ಲಕ್ಷ್ಮಣರಾಯರಿಗೆ ನೀಡಿದರು. ಬೆಳಗಾವಿಯಿಂದ ಮೀರಜ್ ಕಡೆಗೆ ಹೋಗುವ ರೈಲು ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳನ್ನು ದಾಟಿ ಮುಂದೆ ಕುಂಡಲ ರೋಡನ್ನು ತಲುಪುತ್ತಿತ್ತು. ಆದ್ದರಿಂದ ಊರು ಬಿಟ್ಟರೂ ಹಳೆಯ ಗಿರಾಕಿಗಳ ಸೀಮೆಯೊಡನೆ ಸಂಪರ್ಕ ಕಡಿಯಲಿಲ್ಲ.

ಕಿರ್ಲೋಸ್ಕರವಾಡಿ

1910ರಲ್ಲಿ ಕಾರ್ಖಾನೆ ಹೊಸ ಜಾಗಕ್ಕೆ ಸ್ಥಳಾಂತರಗೊಂಡಿತು. ಪಾಪಾಸುಕಳ್ಳಿ ದಟ್ಟವಾಗಿ ಬೆಳೆದು, ನಾಗರಹಾವುಗಳು ಸೇರಿಕೊಂಡಿದ್ದ ಬಯಲು ಅದು. ಕೆಲಸಗಾರರೂ ಅವರ ಕುಟುಂಬದವರೂ ಕಳ್ಳಿಯನ್ನು ಕಡಿದು, ತಾತ್ಕಾಲಿಕ ಆಸರೆಗಳಲ್ಲಿ ಇದ್ದುಕೊಂಡು ಕಾರ್ಖಾನೆಯನ್ನು ಎಬ್ಬಿಸಿದರು. ಕ್ರಮೇಣ ವಸತಿ, ಶಾಲೆ, ಮೈದಾನ, ನೀರಿನ ವ್ಯವಸ್ಥೆಗಳಿರುವ ಊರು ರೂಪುಗೊಂಡಿತು. ದೇಶದ ಮೊದಮೊದಲ ಯೋಜಿತ ಔದ್ಯೋಗಿಕ ವಸತಿಗಳಲ್ಲಿ ಇದೂ ಒಂದು. ಕುಂಡಲ ರೋಡ್ ನಿಲ್ದಾಣಕ್ಕೂ ಮುಂದೆ ಕಿರ್ಲೋಸ್ಕರವಾಡಿ ಎಂಬ ಹೆಸರೇ ಬಂದಿತು.

ಊರನ್ನು ಕಟ್ಟುವಾಗ ಲಕ್ಷ್ಮಣರಾಯರು ತಮ್ಮ ಸಾಮಾಜಿಕ ವಿಚಾರಗಳನ್ನು ಕಾರ್ಯರೂಪಕ್ಕೆ ತಂದರು. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಅವಕಾಶವಿರಲಿಲ್ಲ. ಜೈಲು ಶಿಕ್ಷೆ ಅನುಭವಿಸಿ ಬಂದವರನ್ನು ಅವರು ರಾತ್ರಿ ಕಾವಲುಗಾರರಾಗಿ ನೇಮಿಸಿಕೊಂಡರು. ಸಮಾಜವು ಕಳ್ಳರೆಂದು ದೂರವಿಟ್ಟವರ ಕೈಯಲ್ಲಿ ಕಾರ್ಖಾನೆಯ ಬೀಗದ ಕೈ ಇತ್ತು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರೂ ಇಲ್ಲಿ ನುರಿತ ಎರಕಗಾರರಾದರು. ಪತ್ನಿ ರಾಧಾಬಾಯಿಯವರು ಈ ಬಯಲಿನ ಬದುಕಿನ ಕಷ್ಟಗಳಲ್ಲಿ ಸಮಭಾಗಿಗಳಾಗಿದ್ದರು.

ಮೊದಲ ಮಹಾಯುದ್ಧ ಮತ್ತು ಕಂಪನಿಯ ಸ್ಥಾಪನೆ

1914ರಲ್ಲಿ ಆರಂಭವಾದ ಮೊದಲ ಮಹಾಯುದ್ಧವು ಕಿರ್ಲೋಸ್ಕರವಾಡಿಗೆ ಅವಕಾಶವನ್ನೂ ಆಪತ್ತನ್ನೂ ಒಟ್ಟಿಗೇ ತಂದಿತು. ಯುರೋಪಿನ ಸರಕಿನ ಆಮದು ಕುಗ್ಗಿದ್ದರಿಂದ ದೇಶೀ ನೇಗಿಲಿಗೆ ಬೇಡಿಕೆ ಏರಿತು. ಆದರೆ ಕಬ್ಬಿಣವೂ ಕಲ್ಲಿದ್ದಲೂ ದುರ್ಲಭವಾದವು. ಕೊಲ್ಲಾಪುರದ ಶಾಹೂ ಮಹಾರಾಜರು ಪನ್ಹಾಳಗಡದ ಹಳೆಯ ಫಿರಂಗಿಗಳನ್ನು ಲಕ್ಷ್ಮಣರಾಯರಿಗೆ ಕೊಡಿಸಿದರೆಂಬ, ಅವು ಕರಗಿ ನೇಗಿಲುಗಳಾದುವೆಂಬ ವೃತ್ತಾಂತವು ಈ ಭಾಗದಲ್ಲಿ ಪ್ರಸಿದ್ಧವಾಗಿದೆ.

1920ರಲ್ಲಿ ಅಣ್ಣತಮ್ಮಂದಿರ ಉದ್ಯಮವು ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಎಂಬ ಷೇರು ಕಂಪನಿಯಾಗಿ ನೋಂದಣಿಯಾಯಿತು. ಅದೇ ವರ್ಷ ಸಹೋದರನ ಮಗ ಶಂಕರರಾವ್ ಕಿರ್ಲೋಸ್ಕರರು 'ಕಿರ್ಲೋಸ್ಕರ್ ಖಬರ್' ಎಂಬ ಮರಾಠಿ ಪತ್ರಿಕೆಯನ್ನು ಆರಂಭಿಸಿದರು. ಕಂಪನಿಯ ಸುದ್ದಿಪತ್ರಿಕೆಯಾಗಿ ಹುಟ್ಟಿದ ಅದು ಮುಂದೆ 'ಕಿರ್ಲೋಸ್ಕರ್' ಎಂಬ ಹೆಸರಿನಲ್ಲಿ ಮನೆಮನೆಯ ಮಾಸಪತ್ರಿಕೆಯಾಗಿ ಬೆಳೆಯಿತು.

ನೇಗಿಲಿನ ಜೊತೆಗೆ ಕಬ್ಬು ಅರೆಯುವ ಗಾಣ, ಶೇಂಗಾ ಸುಲಿಯುವ ಯಂತ್ರ, ಕೈಪಂಪು ಮೊದಲಾದವು ತಯಾರಾದವು. 1926ರಲ್ಲಿ ಕಂಪನಿಯು ತನ್ನ ಮೊದಲ ಸೆಂಟ್ರಿಫ್ಯೂಗಲ್ ಪಂಪನ್ನು ಹೊರತಂದಿತು. ಎತ್ತುಗಳು ಹಿಂದೆ ಮುಂದೆ ನಡೆದು ಚರ್ಮದ ಚೀಲದಲ್ಲಿ ಬಾವಿಯ ನೀರೆತ್ತುವ ಕಪಿಲೆಯ ಜಾಗಕ್ಕೆ ಪಂಪು ಬರತೊಡಗಿತು. ಎಂಜಿನ್ನಿಗೆ ಜೋಡಿಸಿದ ಪಂಪು ನದಿಯ ನೀರನ್ನು ಎತ್ತರದ ದಡಕ್ಕೆ ಏರಿಸಬಲ್ಲದಾದ್ದರಿಂದ ಕೃಷ್ಣಾ ತೀರದಲ್ಲಿ ಕಬ್ಬಿನ ಬೇಸಾಯಕ್ಕೆ ಹೊಸ ದಾರಿ ತೆರೆಯಿತು.

ಮುಂದಿನ ತಲೆಮಾರು ಮತ್ತು ಕರ್ನಾಟಕದ ಉದ್ಯಮಗಳು

ಲಕ್ಷ್ಮಣರಾಯರ ಮಗ ಶಂತನುರಾವ್ ಕಿರ್ಲೋಸ್ಕರ್ (1903–1994) ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಶಾಸ್ತ್ರದ ಪದವಿ ಪಡೆದು 1926ರಲ್ಲಿ ಹಿಂದಿರುಗಿದರು. ತಂದೆ ಬೆಲೆಪಟ್ಟಿಗಳನ್ನು ಓದಿ ಕಲಿತ ವಿದ್ಯೆಯನ್ನು ಮಗ ಅದರ ಮೂಲನೆಲೆಯಲ್ಲಿಯೇ ಕಲಿತು ಬಂದರು. ಎರಡನೆಯ ತಲೆಮಾರಿನ ಕಾಲದಲ್ಲಿ ಉದ್ಯಮವು ಕರ್ನಾಟಕದಲ್ಲಿಯೂ ಬೇರುಬಿಟ್ಟಿತು. 1941ರಲ್ಲಿ ತುಂಗಭದ್ರಾ ತೀರದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಲೇಥ್ ಮೊದಲಾದ ಯಂತ್ರೋಪಕರಣಗಳ ತಯಾರಿಕೆಯಿಂದ ಈ ಕಾರ್ಖಾನೆ ಹರಿಹರಕ್ಕೆ ಕೈಗಾರಿಕಾ ಪಟ್ಟಣವೆಂಬ ಹೆಸರನ್ನು ತಂದಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಆರಂಭವಾದವು. ಬೆಂಗಳೂರಿನ ಉದ್ಯಮವನ್ನು ಲಕ್ಷ್ಮಣರಾಯರ ಇನ್ನೊಬ್ಬ ಮಗ ರವಿ ಕಿರ್ಲೋಸ್ಕರ್ ಬೆಳೆಸಿದರು.

ವಿದೇಶೀ ತಂತ್ರಜ್ಞಾನವನ್ನು ಇಲ್ಲಿಯ ನೆಲದಲ್ಲಿ ಊರುವ ಕೆಲಸ ಕುಟುಂಬದಲ್ಲಿ ಮುಂದುವರಿಯಿತು. 1962ರಲ್ಲಿ ಅಮೆರಿಕದ ಕಮಿನ್ಸ್ ಕಂಪನಿಯ ಸಹಯೋಗದಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ ತಯಾರಿಕೆಗಾಗಿ ಕಿರ್ಲೋಸ್ಕರ್ ಕಮಿನ್ಸ್ ಸ್ಥಾಪನೆಯಾಯಿತು. 1997ರಲ್ಲಿ ಜಪಾನಿನ ಟೊಯೋಟಾ ಕಂಪನಿಯೊಡನೆ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ರಚನೆಗೊಂಡು, ಬೆಂಗಳೂರಿನ ಸಮೀಪದ ಬಿಡದಿಯಲ್ಲಿ ವಾಹನಗಳನ್ನು ತಯಾರಿಸತೊಡಗಿತು. ಕುಟುಂಬದ ನಾಲ್ಕನೆಯ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಇದರ ಮುಂದಾಳಾಗಿದ್ದರು. ಬೆಳಗಾವಿಯ ಅಂಗಡಿಗೆ ಇಂಗ್ಲೆಂಡಿನ ಬೈಸಿಕಲ್ ಬಂದು ಆಗ ನೂರು ವರ್ಷ ಮೀರಿತ್ತು.

1948ರ ಬೆಂಕಿ ಮತ್ತು ಕೊನೆಯ ವರ್ಷಗಳು

1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಹಂತಕನು ಮಹಾರಾಷ್ಟ್ರದ ಬ್ರಾಹ್ಮಣನೆಂಬ ಕಾರಣಕ್ಕೆ ಕೊಲ್ಲಾಪುರ, ಸಾಂಗಲಿ, ಸಾತಾರಾ ಭಾಗಗಳಲ್ಲಿ ಬ್ರಾಹ್ಮಣರ ಮನೆ, ಆಸ್ತಿಗಳ ಮೇಲೆ ದಾಳಿಗಳು ನಡೆದವು. ಹೊರಗಿನಿಂದ ಬಂದ ಗುಂಪುಗಳು ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿಯಿಟ್ಟವು. ಜಾತಿಭೇದವಿಲ್ಲದ ಊರನ್ನು ಕಟ್ಟಲು ಜೀವನವನ್ನೇ ತೆತ್ತ ವ್ಯಕ್ತಿಯ ಕಾರ್ಖಾನೆಯನ್ನು ಜಾತಿಯ ಹೆಸರಿನಲ್ಲಿಯೇ ಸುಡಲಾಯಿತು. ಲಕ್ಷ್ಮಣರಾಯರಿಗೆ ಆಗ ಎಪ್ಪತ್ತೆಂಟು ವರ್ಷ. ಕಾರ್ಖಾನೆಯು ಪುನಃ ತಲೆಯೆತ್ತಿ ನಿಂತು ಉತ್ಪಾದನೆಯನ್ನು ಮುಂದುವರಿಸಿತು. ಅದೇ ವರ್ಷ ಔಂಧ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಲಕ್ಷ್ಮಣರಾವ್ ಕಿರ್ಲೋಸ್ಕರ್ 1956ರ ಸೆಪ್ಟೆಂಬರ್ 26ರಂದು ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು. ಭಾಷಾವಾರು ರಾಜ್ಯಗಳ ಪುನರ್ವಿಂಗಡಣೆಯು ಜಾರಿಗೆ ಬಂದದ್ದು ಅದೇ ವರ್ಷದ ನವೆಂಬರ್ 1ರಂದು. ಅವರು ಹುಟ್ಟಿದ ಗುರ್ಲಹೊಸೂರೂ ವ್ಯಾಪಾರ ಆರಂಭಿಸಿದ ಬೆಳಗಾವಿಯೂ ಮೈಸೂರು ರಾಜ್ಯಕ್ಕೆ ಸೇರಿದವು. ಅವರು ಕಟ್ಟಿದ ಕಿರ್ಲೋಸ್ಕರವಾಡಿ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು.

ಸ್ಮರಣೆ ಮತ್ತು ಪ್ರಭಾವ

ಭಾರತೀಯ ಅಂಚೆ ಇಲಾಖೆಯು 1969ರಲ್ಲಿ ಲಕ್ಷ್ಮಣರಾಯರ ಜನ್ಮಶತಮಾನೋತ್ಸವದ ಅಂಗವಾಗಿ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆ ಮತ್ತು ಕಿರ್ಲೋಸ್ಕರವಾಡಿ ರೈಲು ನಿಲ್ದಾಣ ಅವರ ಹೆಸರನ್ನು ಎರಡು ರಾಜ್ಯಗಳಲ್ಲಿ ಉಳಿಸಿಕೊಂಡಿವೆ.

ಭಾರತದ ಕೈಗಾರಿಕಾ ಇತಿಹಾಸದಲ್ಲಿ ಲಕ್ಷ್ಮಣರಾಯರ ಸ್ಥಾನ ವಿಶಿಷ್ಟವಾದುದು. ಅವರ ಸಮಕಾಲೀನ ಉದ್ಯಮಪತಿಗಳಲ್ಲಿ ಹಲವರು ಬಟ್ಟೆ ಗಿರಣಿ, ಉಕ್ಕು, ಹಡಗುಗಳ ಕಡೆಗೆ ನೋಡಿದರು. ಲಕ್ಷ್ಮಣರಾಯರು ಒಂದು ಜೊತೆ ಎತ್ತಿನ ಒಕ್ಕಲಿಗನನ್ನು ತಮ್ಮ ಗಿರಾಕಿಯಾಗಿ ಆರಿಸಿಕೊಂಡರು. ಅವನು ಎರಡು ವರ್ಷ ನೇಗಿಲನ್ನು ಕೊಳ್ಳದಿದ್ದಾಗ ವ್ಯಾಪಾರವನ್ನು ಕೈಬಿಡದೆ ಅವನ ಆಕ್ಷೇಪಗಳನ್ನು ಅರಿತು ನೇಗಿಲನ್ನು ತಿದ್ದಿದರು. ದಖ್ಖನಿನ ಹೊಲಗಳಲ್ಲಿ ಕಬ್ಬಿಣದ ನೇಗಿಲು ಪರಕೀಯ ವಸ್ತುವಾಗಿ ಉಳಿಯದೆ ರೈತನ ಮನೆಯ ಸಾಮಾನುಗಳಲ್ಲಿ ಒಂದಾದುದಕ್ಕೆ ಈ ತಾಳ್ಮೆಯೇ ಮುಖ್ಯ ಕಾರಣ.